ಹೊಸ್ತಿಲೊಳಗಿನ ಹೆಸರು

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರ ಮೇಲೆ ನನ್ನ ಹೊಸ ಹೆಸರು ಬರೆದರು. ತಾಳಿಕೋಟೆಯಿಂದ ಸಿಂದಗಿಗೆ ಬಂದ ಮೇಲೂ ಆ ಹೆಸರಿಗೆ ನನ್ನ ಕತ್ತು ತಿರುಗಲಿಲ್ಲ. ಸೊಸೆಗೆ ಕಿವಿ ಮಂದ ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಹಳೆಯ ಹೆಸರು ಉಳಿದದ್ದು ನಾನು ಕೆಲಸಕ್ಕೆ ಸೇರಿದ ಕಂಪ್ಯೂಟರ್ ಸೆಂಟರಿನಲ್ಲಿ ಮಾತ್ರ.

ಅದು ಎರಡು ಸಾವಿರದ ಎಂಟರ ಸುಮಾರು. ಬಸವನ ಬಾಗೇವಾಡಿಯ ಒಂದು ಕಾಲೇಜಿನ ಲೈಬ್ರರಿಗೆ ಪುಸ್ತಕ ಹುಡುಕುವ ಸ್ಕ್ರೀನ್ ಬೇಕಿತ್ತು. ಸೆಂಟರಿನ ಮಾಲೀಕರು ಹೇಳಿದ್ದು ಇಷ್ಟೇ: "ನಾಳಿ ಮುಂಜಾನಿ ನಡೀತಂದ್ರ ಕೆಳಗ ಮಾಡಿದವರು ಅಂತ ನಿಮ್ಮ ಹೆಸರು ಹಾಕ್ರಿ. ಇಲ್ಲಂದ್ರ ಬ್ಯಾರೆಯವರಿಗೆ ಕೊಡ್ತೇನಿ."

ಆ ಒಂದು ಸಾಲಿನ ಆಸೆಗೆ ಊಟ ಸೇರಲಿಲ್ಲ. ಸ್ಕ್ರೀನು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದನ್ನು ಎಕ್ಸ್‌ಎಂಎಲ್ ಟ್ಯಾಗುಗಳಲ್ಲಿ, ಅಂದರೆ ಪ್ರತಿ ಭಾಗಕ್ಕೂ ಒಂದೊಂದು ಹೆಸರಿನ ಚೀಟಿ ಹಚ್ಚಿ, ಬರೆದಿದ್ದೆ. ಪುಸ್ತಕದ ವಿವರ ತೋರಿಸುವ ಚೌಕಟ್ಟು ನಾನೇ ಮಾಡಿದ್ದು. ಅದರೊಳಗಿನ ಬಟನ್‌ಗಳು ಬೇರೆಯವರು ಸಿದ್ಧಮಾಡಿಟ್ಟ ಫ್ರೇಮ್‌ವರ್ಕಿನವು. ಅಂಥ ಬಟನ್ನೇ ಇಲ್ಲ ಎಂದು ಕಂಪ್ಯೂಟರು ಹಟ ಹಿಡಿಯಿತು. ಕುಳಿತೆ, ಎದ್ದೆ, ಕಿಟಕಿಯಲ್ಲಿ ಇಂಡಿ ಬಸ್ಸು ಹೋಗುವುದನ್ನು ನೋಡಿದೆ, ಮತ್ತೆ ಕುಳಿತೆ.

ಅಂದೇ ಮಧ್ಯಾಹ್ನ, ಸಂತೆಗೆ ಹೊರಟ ಅತ್ತೆ ಸೆಂಟರಿನ ಬಾಗಿಲಿಗೆ ಬಂದು ಹೊಸ ಹೆಸರಿನಿಂದ ಕೂಗಿದರು. ಎಂದಿನಂತೆ ನನಗೆ ಕೇಳಿಸಲೇ ಇಲ್ಲ.

"ನಿನ್ನs ಕರ್ಯಾಕತ್ತೇನಿ. ಕಿವಿ ಎಲ್ಲಿಟ್ಟೀಯವ್ವ?" ಎಂದು ಹೆಗಲು ಮುಟ್ಟಿದರು.

ಆಗ ಥಟ್ಟನೆ ಹೊಳೆಯಿತು. ಮೇಲಿನ ಸಾಲಿನಲ್ಲಿ ಡಿಫಾಲ್ಟ್ ನೇಮ್‌ಸ್ಪೇಸ್, ಅಂದರೆ ಬೇರೆ ಹೇಳದಿದ್ದರೆ ಟ್ಯಾಗುಗಳಿಗೆ ತಾನೇ ಅಂಟುವ ಮನೆತನ, ಫ್ರೇಮ್‌ವರ್ಕಿನದು ಎಂದು ಒಮ್ಮೆ ಹೇಳಿದ್ದೆ. ನನ್ನ ಚೌಕಟ್ಟಿಗೆ ಪ್ರಿಫಿಕ್ಸ್, ಅಂದರೆ ಮನೆತನ ತೋರಿಸುವ ಅಡ್ಡಹೆಸರು, ಹಚ್ಚಲು ಬೇಸರವಾಗಿ, ಅದರ ಮೇಲೆ ನನ್ನ ಮನೆತನವನ್ನೇ ಹೊಸ ಡಿಫಾಲ್ಟ್ ಮಾಡಿದ್ದೆ. ಆ ಹೊಸ್ತಿಲು ದಾಟಿದ ಬಟನ್‌ಗಳೆಲ್ಲ ಹೇಳದೆ ಕೇಳದೆ ನನ್ನ ಮನೆಯವಾಗಿದ್ದವು. ನನಗೆ ಮಾಡಿದ್ದನ್ನೇ ನಾನು ಅವಕ್ಕೆ ಮಾಡಿದ್ದೆ. ಸಿಟ್ಟಿನ ನಡುವೆಯೂ ನಗು ಬಂತು.

"ಒಂದ್ ಗಳಿಗಿ ಕೂಡ್ರಿ," ಎಂದು ಅತ್ತೆಗೆ ಕುರ್ಚಿ ಕೊಟ್ಟೆ. ಒಳಗಿನ ಡಿಫಾಲ್ಟ್ ಅಳಿಸಿ, ನನ್ನ ಚೌಕಟ್ಟಿಗಷ್ಟೇ ಪ್ರಿಫಿಕ್ಸ್ ಹಚ್ಚಿದೆ. ಬಟನ್‌ಗಳು ತಮ್ಮ ಮನೆತನಕ್ಕೆ ಮರಳಿದವು, ಸ್ಕ್ರೀನು ತೆರೆಯಿತು. ಕೆಳಗೆ ನನ್ನ ಹಳೆಯ ಹೆಸರು ಬರೆದೆ.

ಅತ್ತೆ ಅಕ್ಷರ ಕೂಡಿಸಿ ಓದಿದರು. "ಇಕಿ ಯಾರು?"

"ನಾನs ರೀ."

ಬೈಯುತ್ತಾರೆಂದು ಕಾದೆ. ಅವರು ಚೀಲ ಮಡಿಚಿದರು, ಬಿಚ್ಚಿದರು. "ನಂದೂ ಒಂದಿತ್ತು," ಎಂದರು.

ಯಾವುದೆಂದು ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು. ಆ ಹೆಸರನ್ನು ನಮ್ಮ ಮನೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.