ರೇವಪ್ಪನವರ ಕಟ್ಟೆಯ ತಿರುವು

ಹಣಮಂತರಾಯ ಮಾಸ್ತರರು ಸೈಕಲ್ಲಿನಿಂದ ಉರುಳಿ ರೇವಪ್ಪನವರ ಪಾದದ ಮೇಲೆ ಹಣೆಯಿಟ್ಟಾಗ, ಅದನ್ನು ನಮಸ್ಕಾರವೆಂದೇ ತಿಳಿದ ರೇವಪ್ಪನವರು, "ನೂರು ವರ್ಷ ಬಾಳಪಾ" ಎಂದು ತಲೆ ಮೇಲೆ ಕೈಯಿಟ್ಟು ಹರಸಿದರು. ಮಾಸ್ತರರ ಧೋತರದ ಅರ್ಧಭಾಗ ಚೈನಿಗೆ ಸಿಕ್ಕಿ ಸೈಕಲ್ಲಿನ ಬಳಿಯೇ ಉಳಿದಿತ್ತು. ಅವರ ಹಿಂದೆ ಬಂದ ಇನ್ನೊಂದು ಸೈಕಲ್ಲು ಗಲ್ಲಿಯಲ್ಲಿ ಕಡಲೆ ಮಾರುವ ಬಂಡಮ್ಮನ ಬುಟ್ಟಿಯೊಳಗೆ ಹೋಗಿ ನಿಂತಿತ್ತು.

"ಹರಸೋದು ಆಮ್ಯಾಗ ಹರಸ್ರಿ ಮುತ್ಯಾ," ಎಂದಳು ಬಂಡಮ್ಮ, ಮಣ್ಣಿನಿಂದ ಕಡಲೆ ಆರಿಸುತ್ತ. "ಮೊದಲ ಮಾಸ್ತರ್‌ಗ ಒಂದು ವಲ್ಲಿ ಕೊಡ್ರಿ, ಸುತಗೋಳಾಕ."

ಜಹೀರಾಬಾದಿನ ಬಜಾರದ ಗಲ್ಲಿ ರೇವಪ್ಪನವರ ಮನೆಯೆದುರು ಸರಿಯಾಗಿ ಮೊಣಕೈಯಂತೆ ಮಡಚಿಕೊಂಡಿತ್ತು. ಆ ಮಡಿಕೆಯಲ್ಲೇ ಅವರ ಅಜ್ಜ ಕಟ್ಟಿಸಿದ ಕಲ್ಲಿನ ಕಟ್ಟೆ. ತೊಗರಿ ವ್ಯಾಪಾರ ನಡೆಸುವಾಗ ರೇವಪ್ಪನವರಿಗೆ ಕೂಡುವುದು, ಕಳೆಯುವುದು ಎರಡೂ ಕೆಲಸವಿತ್ತು. ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ಮೇಲೂ ಅಷ್ಟೇ: ಕಟ್ಟೆಯ ಮೇಲೆ ಕೂಡುವುದು, ಹೊತ್ತು ಕಳೆಯುವುದು. ಯಾರ ಜಗಳವನ್ನೂ ಅವರು ಬಗೆಹರಿಸಿದವರಲ್ಲ, ಯಾರಿಗೂ ಬುದ್ಧಿ ಹೇಳಿದವರಲ್ಲ. ಬಹುಶಃ ಅದಕ್ಕೇ ಊರಿಗೆ ಅವರ ಮೇಲೆ ಅಷ್ಟು ಗೌರವ.

ಹಿರಿಯರು ಕೂತ ಕಟ್ಟೆಯ ಮುಂದೆ ಸವಾರಿ ಮಾಡಿಕೊಂಡು ಹೋಗಬಾರದು, ಇಳಿದು ಶರಣು ಹೇಳಿಯೇ ಮುಂದೆ ಸಾಗಬೇಕು ಎಂಬುದು ಆ ಕಡೆಯ ರೀತಿ. ಅಜ್ಜನ ಕಾಲದಲ್ಲಿ ಕುದುರೆಯಿಂದ ಇಳಿಯುತ್ತಿದ್ದರು, ಕುದುರೆ ತಾನಾಗಿ ನಿಲ್ಲುತ್ತಿತ್ತು. ರೈಲಿನ ಹಿಂದೆಯೇ ಊರಿಗೆ ಬಂದ ಸೈಕಲ್ಲುಗಳಿಗೆ ಆ ಸಂಸ್ಕಾರ ಇರಲಿಲ್ಲ. ತಿರುವು ಹೊರಳಿದ್ದೇ ತಡ, ಮುಂದಿನವನು ರೇವಪ್ಪನವರನ್ನು ಕಂಡು ತಟ್ಟನೆ ಇಳಿಯುವನು. ಹಿಂದಿನವನು ಅವನ ಮೇಲೇರುವನು. ಇಬ್ಬರೂ ಸೇರಿ ಕೊಡ ಹೊತ್ತು ನಡೆದು ಬರುವ ಹೆಂಗಸರ ಮೇಲೆ ಬೀಳುವರು. ಕೈ ಮುಗಿಯಲು ಹೋಗಿ ಕೈ ಮುರಿದುಕೊಂಡವರೂ ಇದ್ದರು.

ಮಾಸ್ತರರು ಬಿದ್ದ ಸುದ್ದಿ ಕಚೇರಿ ಮುಟ್ಟಿತು. ತಹಸೀಲ್ದಾರ ಸಾಹೇಬರು ಬಂದು, ತಿರುವನ್ನೂ ಕಟ್ಟೆಯನ್ನೂ ಬೆತ್ತದಿಂದ ಅಳೆದರು. "ರೇವಪ್ಪನವರ, ಮುಂದಿನ ಪ್ಯಾಟಿ ದಿನ ಮತ್ತ ಬರ್ತೀನಿ. ಅವತ್ತು ಯಾರರೆ ಬಿದ್ರ ಈ ಕಟ್ಟಿ ಒಡಸ್ತೀನಿ," ಎಂದರು.

ರೇವಪ್ಪನವರಿಗೆ ಚಿಂತೆ ಹತ್ತಿತು. ಕಟ್ಟೆ ಹೋದರೆ ಅವರೆಲ್ಲಿ ಕೂಡಬೇಕು? ಒಳಗೆ ಕೂತರೆ ಅವರು ಬರೀ ಒಬ್ಬ ಮುದುಕ, ಸೊಸೆಯರ ಕಾಲಿಗೆ ಅಡ್ಡ.

"ನಾ ಏನ್ ಮಾಡೀನಿ ಅಂತೀನಿ? ಸುಮ್ನ ಕುಂತೀನಿ," ಎಂದರು ಹೆಂಡತಿಗೆ.

"ಅದೇ ರೀ ನೀವು ಮಾಡಿದ್ದು," ಎಂದರು ಈರಮ್ಮ.

ಮರುದಿನ ರೇವಪ್ಪನವರು ಮಾಸ್ತರರಿಗೆ ದೂರದಿಂದಲೇ ಕೈಬೀಸಿ, "ಇಳೀಬ್ಯಾಡ್ರಿ, ಹಂಗೇ ಹೋಗ್ರಿ," ಎಂದರು. ಮಾಸ್ತರರ ಮುಖ ಸಣ್ಣದಾಯಿತು. ಇಳಿದೇ ಇಳಿದರು. "ನನ್ನ ಶರಣು ಒಲ್ಲೆ ಅಂತೀರಿ. ಏನರೆ ತಪ್ಪಾಗ್ಯಾದೇನ್ರಿ?" ತಪ್ಪಾಗಿಲ್ಲವೆಂದು ನಂಬಿಸುವಷ್ಟರಲ್ಲಿ ಹಿಂದೆ ಮೂವರು ಬಿದ್ದಿದ್ದರು.

ಕಟ್ಟೆ ಬಿಟ್ಟು ಒಳಗೆ ಕೂತು ನೋಡಿದರು. ಖಾಲಿ ಕಟ್ಟೆ ಕಂಡವರೆಲ್ಲ ಗಾಬರಿಯಾಗಿ ಇಳಿದು, ಬಾಗಿಲಲ್ಲಿ ಸೈಕಲ್ಲು ಒಟ್ಟಿ, ಮುತ್ಯಾಗೆ ಏನಾತು ಎಂದು ಕೇಳತೊಡಗಿದರು. ಗಲ್ಲಿಯಲ್ಲಿ ಎಮ್ಮೆಗೂ ದಾರಿ ಇಲ್ಲದಂತಾಯಿತು. "ಹೊರಗ ಹೋಗಿ ಕೂಡ್ರಿ," ಎಂದರು ಈರಮ್ಮ. "ಜನ ಅಳಾಕ ಬರೂಕಿಂತ ಬೀಳಾಕ ಬರೋದು ಪಾಡು." ಮರ್ಯಾದೆ ಗಳಿಸುವುದು ಹೇಗೆಂದು ಹೇಳುವವರು ಊರ ತುಂಬ ಇದ್ದರು. ನಿಲ್ಲಿಸುವುದು ಹೇಗೆಂದು ಹೇಳುವವರು ಯಾರೂ ಇರಲಿಲ್ಲ.

ಈ ಚಿಂತೆಯಲ್ಲಿ ನಿದ್ದೆಗೆಟ್ಟು ಒಂದು ಮುಂಜಾನೆ ಅವರು ತಡವಾಗಿ ಎದ್ದು, ಬೇವಿನ ಕಡ್ಡಿ ಜಗಿಯುತ್ತಲೇ ಕಟ್ಟೆಗೆ ಬಂದು ಕೂತರು. ಮಾಸ್ತರರು ತಿರುವಿನಲ್ಲಿ ಕಾಣಿಸಿಕೊಂಡರು, ಗಂಟೆ ಬಾರಿಸಿದರು, ಮುಖ ಅತ್ತ ತಿರುಗಿಸಿ ಹೊರಟೇ ಹೋದರು. ಅವರ ಹಿಂದಿನವರೂ ಹೋದರು. ಯಾರೂ ಇಳಿಯಲಿಲ್ಲ, ಯಾರೂ ಬೀಳಲಿಲ್ಲ. ರೇವಪ್ಪನವರಿಗೆ ಮೊದಲು ಸಂಕಟವಾಯಿತು, ಆಮೇಲೆ ಹೊಳೆಯಿತು. ಬಾಯಿ ತೊಳೆಯದವರಿಗೆ ಶರಣು ಹೇಳುವಂತಿಲ್ಲ. ಹೇಳಿದರೆ ಇಬ್ಬರಿಗೂ ಮೈಲಿಗೆ.

ಸಂತೆ ನೆರೆಯುವ ಪ್ಯಾಟಿ ದಿನ ಅವರು ಬೆಳಕು ಹರಿಯುವಾಗಲೇ ಕಡ್ಡಿ ಕಚ್ಚಿ ಕೂತರು. ಬಾಯಿ ತೊಳೆಯದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಒಂದು ಗುಟುಕು ಚಹಾ ಕೂಡ ಇಲ್ಲ. ಸೈಕಲ್ಲುಗಳು ಸಾಲಾಗಿ, ನೀರು ಹರಿದಂತೆ ಹರಿದವು. ಕೊಡ ಹೊತ್ತ ಹೆಂಗಸರು ಗೋಡೆಗುಂಟ ನಿರಾಳವಾಗಿ ನಡೆದರು. ಮುಂಜಾನೆ ಬರಬೇಕಿದ್ದ ಸಾಹೇಬರು ಮಾತ್ರ ಬಿಸಿಲು ನೆತ್ತಿಗೇರಿದ ಮೇಲೆ ಬಂದರು. ಬಹಳ ಹೊತ್ತು ನಿಂತು ನೋಡಿ, ಬಂಡಮ್ಮನಿಂದ ಗುಟ್ಟು ಕೇಳಿ ತಿಳಿದುಕೊಂಡು ತಲೆದೂಗಿದರು.

"ಭಲೇ ರೇವಪ್ಪನವರ. ಸಂಜಿ ರೈಲಿಗೂ ಸೈಕಲ್ ಭಾಳ ಬರ್ತಾವ. ದಿನಾ ದೀಪ ಹಚ್ಚೋತನಕ ಹಿಂಗೇ ಕುಂತ್ರಿ ಅಂದ್ರ ಅಜ್ಜನ ಕಟ್ಟಿ ಉಳೀತದ. ಈಗ ನೀವೇ ಹೇಳ್ರಿ, ಇಡಲೋ, ಒಡಸಲೋ?"

ಒಳಗೆ ಈರಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಬೇಳೆಗೆ ಒಗ್ಗರಣೆ ಬಿದ್ದ ವಾಸನೆ ಗಲ್ಲಿಯವರೆಗೂ ಬಂದಿತ್ತು. ರೇವಪ್ಪನವರು ಬಾಯಿಂದ ಕಡ್ಡಿ ತೆಗೆದರು.

"ಒಡಸ್ರಿ ಸಾಹೇಬ್ರ. ಹಸಿವಾಗ್ಯಾದ."