ಸುಡಬಾರದ ನರ

ಮೋರಖಂಡಿ ಶಾಲೆಯ ಬಿಸಿಯೂಟ ಬೇಯಿಸುವ ರತ್ನಮಾಲಾ ಅಡುಗೆಮನೆಯ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ತಾಯಿಯೊಡನೆ ಹುಮನಾಬಾದಿನ ಕ್ಲಿನಿಕ್ಕಿಗೆ ಬಂದಿದ್ದಳು. ಎಡಗಾಲಿನ ನರಗಳು ಹಗ್ಗದಂತೆ ಊದಿದ್ದವು. ಪಾದದ ಗಿಣ್ಣಿನ ಬಳಿ ಹುಣ್ಣು ಬಾಯಿ ತೆರೆದಿತ್ತು. ಅದು ಮಾಯುವವರೆಗೆ ಒಲೆಯ ಹತ್ತಿರ ಬರಬೇಡವೆಂದು ಹೆಡ್‌ಮಾಸ್ತರರು ಹೇಳಿದ್ದರು. ನೆರೆಯ ಗಿರಿಜಾಬಾಯಿ ದಿನವೂ ಕೀಲಿ ಒಯ್ದು, ಅಡುಗೆ ಮುಗಿಸಿ, ಮರಳಿ ತಂದುಕೊಡುತ್ತಿದ್ದಳು. ಅಂದು ಶಾಲೆಗೆ ರಜೆ. ಕೀಲಿ ತನ್ನ ಬಳಿ ಇರುವವರೆಗೆ ಕೆಲಸವೂ ತನ್ನದೆಂದು ರತ್ನಮಾಲಾ ನಂಬಿದ್ದಳು.

ಬೆಳಿಗ್ಗೆ ಬಂದವರು ಸಂಜೆಗೆ ನಡೆದು ಹೋಗುತ್ತಾರೆಂದು ಕ್ಲಿನಿಕ್ಕಿನ ಫಲಕ ಹೇಳುತ್ತಿತ್ತು. ಸುಳ್ಳೇನಲ್ಲ. ಕೆಟ್ಟ ರಕ್ತನಾಳದೊಳಗೆ ಸಣ್ಣ ಎಳೆ ತೂರಿಸಿ ಲೇಸರಿನ ಕಾವಿನಿಂದ ಮುಚ್ಚಿದರೆ, ರಕ್ತ ಬೇರೆ ದಾರಿ ಹಿಡಿಯುತ್ತದೆ. ಬೇರೆ ದಾರಿ ಇರಬೇಕಷ್ಟೆ. ಆ ಮಾತು ಫಲಕದ ಮೇಲಿರಲಿಲ್ಲ.

"ಬಾಣಂತನದಾಗ ನಾ ಇಟ್ಟ ಕೆಂಡ ಬ್ಯಾಡ ಅಂತ ಅಳತಿದ್ದಿ. ಈಗ ನೀನೇ ಬೆಂಕಿ ಬೇಡಾಕ ಬಂದೀ ನೋಡು!" ಎಂದು ತಾಯಿ ಶೇವಂತಾಬಾಯಿ ಛೇಡಿಸಿದಳು.

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ದೀಪಾಲಿಯ ಕೈ ರತ್ನಮಾಲಾಳ ತೊಡೆಯ ಮೇಲೆ ನಿಂತಿತು. "ಅಕ್ಕಾ, ಹೆರಿಗಿ ಆದ್ಮ್ಯಾಲ ಈ ಕಾಲು ಬಾತಿತ್ತೇನ್ರಿ?"

ಉತ್ತರ ಕೊಟ್ಟವಳು ತಾಯಿ. "ಹೌದ್ರಿ, ಕಂಬ ಆಗಿತ್ತು. ಗಾಳಿ ಹೊಕ್ಕಾದ ಅಂತ ಹೊರಸಿನ ಕೆಳಗ ಕೆಂಡ ಇಟ್ಟು ಮಲಗಿಸಿದೆ. ಮೈ ಗಟ್ಟಿ ಆಗೋತನಕ ನೆಲಕ್ಕ ಕಾಲು ಊರಗೊಡ್ಲಿಲ್ರಿ!" ದನಿಯಲ್ಲಿ ಹೆಮ್ಮೆಯಿತ್ತು.

"ಆವಾಗ ಒಳಗಿನ ದೊಡ್ಡ ನಾಳದಾಗ ರಕ್ತ ಹೆಪ್ಪುಗಟ್ಟ್ಯಾದ್ರಿ. ಆ ದಾರಿ ಬಂದ್ ಆಗಿ ಹೋಗ್ಯಾದ. ಈಗ ಈ ಊದಿದ ನರದಾಗೇ ರಕ್ತ ಮ್ಯಾಲ ಹೋಗಾಕತ್ತದ. ಇದನ್ನ ಸುಟ್ರ ಕಾಲೇ ಕೆಡ್ತದ."

"ಮಲಗಿಸಿದ್ದಕ್ಕೇನ್ರಿ?" ಶೇವಂತಾಬಾಯಿ ಮೆಲ್ಲಗೆ ಕೇಳಿದಳು.

"ಅದಕ್ಕೇ ಅಂತ ಹೇಳಾಕಾಗಲ್ಲಮ್ಮಾ. ಬಾಣಂತ್ಯಾರಿಗೆ ಹಂಗೂ ಆಗ್ತದ. ಮಲಗೇ ಇದ್ರ ಜಾಸ್ತಿ."

ವೈದ್ಯೆ ಪ್ರಾಮಾಣಿಕಳಾಗಿದ್ದಳು, ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಬಿಗಿ ಪಟ್ಟಿ ಕಟ್ಟಬೇಕು, ಕಾಲು ಎತ್ತರಕ್ಕಿಡಬೇಕು, ಹುಣ್ಣು ನಿಧಾನವಾಗಿ ಮಾಯಬಹುದು.

"ನಿಂತು ಅಡಗಿ ಮಾಡೋದ್ರಿ?" ರತ್ನಮಾಲಾ ಕೇಳಿದಳು.

"ಬ್ಯಾಡ್ರಿ. ಮಾಯ್ದದ್ದು ಮತ್ತ ಒಡೀತದ."

ಬೆಳಿಗ್ಗೆ ಹುಮನಾಬಾದಿಗೆ ಬರುವಾಗ ಬಸ್ಸಿನಲ್ಲಿ ಶೇವಂತಾಬಾಯಿ ಮಗಳ ಕಾಲನ್ನು ಮಡಿಲಲ್ಲಿಟ್ಟು ನೀವುತ್ತ ಬಂದಿದ್ದಳು. ಮರಳುವಾಗ ರತ್ನಮಾಲಾ ತಾನಾಗಿಯೇ ಕಾಲು ಚಾಚಿದರೂ ಆ ಕೈಗಳು ಸೆರಗಿನೊಳಗಿಂದ ಹೊರಬರಲಿಲ್ಲ.

"ಹಿಡಿಯವ್ವಾ, ನೋಯಾಕತ್ತದ."

"ನನ್ನ ಕೈ ಬ್ಯಾಡವ್ವ."

ಬಸವಕಲ್ಯಾಣ ದಾಟಿ ಊರು ಹತ್ತಿರವಾದಾಗ ರತ್ನಮಾಲಾ ತನ್ನ ಸೆರಗಿನ ಗಂಟು ಬಿಚ್ಚಿ, ಕೀಲಿಯನ್ನು ತಾಯಿಯ ಕೈಗೆ ತುರುಕಿದಳು. "ಗಿರಿಜಾಬಾಯಿಗೆ ಕೊಡು. ತಿರುಗಿ ತರಬ್ಯಾಡ ಅಂತ ಹೇಳು."