ರೇವಣಸಿದ್ದಪ್ಪನವರ ಟರ್ಬೊ

ವಿಜಯನಗರದಲ್ಲಿ ಹಳೆಯ ಕಾರು ಇಟ್ಟುಕೊಂಡವರೆಲ್ಲ ಭಾನುವಾರ ಅದನ್ನು ತೊಳೆಯುತ್ತಾರೆ; ನಮ್ಮ ಬೀದಿಯ ರೇವಣಸಿದ್ದಪ್ಪನವರು ಬಿಚ್ಚುತ್ತಾರೆ. ಗುಜರಿಗೆ ಬಂದ ವಿದೇಶಿ ಬುಲ್ಡೋಜರಿನಿಂದ ಕಳಚಿ ತಂದ ಟರ್ಬೊವನ್ನು ಆ ಮುದಿ ಇಂಜಿನ್ನಿಗೆ ಕೂರಿಸುವುದೇ ಅವರ ಕೆಲಸ. ವಿಭೂತಿ ಹಚ್ಚಿದ ಹಣೆಯ ಮೇಲೆಯೇ ಗ್ರೀಸು ಮೆತ್ತಿರುತ್ತದೆ. "ಹೊಗೆ ಸುಮ್ನೆ ಹೋಗ್ತಿದೆಯಲ್ಲ, ಅದೇ ಇದನ್ನ ತಿರುಗಿಸಿ ಇಂಜಿನ್ನಿಗೆ ಗಾಳಿ ತುಂಬತ್ತೆ" ಎಂದು ಹಾಲಿನವನಿಗೂ ವಿವರಿಸುತ್ತಾರೆ. ಪಕ್ಕದ ಮನೆಯ ಪದ್ಮನಾಭ ಮೇಷ್ಟ್ರು ಕಾಂಪೌಂಡಿನಾಚೆಯಿಂದ, "ಏನ್ಸಾರ್, ವಿಮಾನ ಯಾವಾಗ ಹಾರೋದು?" ಎಂದು ಕೆಣಕಿದರೆ, "ಹಾರೋದು ಬೇಡ ಮೇಷ್ಟ್ರೇ, ಏರು ಹತ್ತಿದ್ರೆ ಸಾಕು" ಎನ್ನುತ್ತಾರೆ. ಕೂರಿಸಿ ಓಡಿಸಿ ನೋಡಿದ ಪ್ರತಿ ಸಲವೂ ಒತ್ತಡ ಹೆಚ್ಚಾಗಿ, ಇಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಕಾರನ್ನು ಬೀದಿಯವರೇ ತಳ್ಳಿ ತರುತ್ತೇವೆ. ಅದು ಕೆಟ್ಟು ನಿಲ್ಲುವುದು ಮಾಗಡಿ ರಸ್ತೆಯ ಅದೇ ಏರಿನಲ್ಲಿ. ಹೋದ ವರ್ಷ ಎದೆನೋವೆಂದ ಹೆಂಡತಿ ಶಿವಗಂಗಮ್ಮನವರನ್ನು ಆಸ್ಪತ್ರೆಗೆ ಒಯ್ಯುವಾಗ ಕಾರು ನಿಂತದ್ದೂ, ಅವರು ತೀರಿಕೊಂಡದ್ದೂ ಅಲ್ಲೇ. ಈ ಸಲ ತಳ್ಳಲು ಹೋದವಳು ಒಳಗೆ ನೋಡಿದೆ. ಹಿಂದಿನ ಸೀಟಿನಲ್ಲಿ ಮರಳಿನ ಮೂಟೆಯೊಂದನ್ನು ಉದ್ದಕ್ಕೆ ಮಲಗಿಸಿ, ಹತ್ತಿಯ ಸೀರೆ ಹೊದಿಸಿದ್ದರು. "ಭಾರ ಅವತ್ತಿನಷ್ಟೇ ಇರ್ಬೇಕಲ್ಲಮ್ಮ" ಎನ್ನುತ್ತಾ ಅವರು ಜಾರಿದ ಸೆರಗನ್ನು ಮೆಲ್ಲಗೆ ಸರಿಪಡಿಸಿದರು.